ಸಾವಕಾಶಮ್ಮ ಕೊಡಿಸಿದ ಏಳು ಗಂಟೆ

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಸಣ್ಣದೊಂದು ಆಫೀಸಿತ್ತು. ಅಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಗಿರಾಕಿಗಳು ಇಟ್ಟ ಹೆಸರು ಸಾವಕಾಶಮ್ಮ. ಕೊನೆಗೆ ಅದೇ ಗಟ್ಟಿಯಾಯಿತು. ಯಾರೇ ಬಂದು ನಡುವೆ ವಿಮಾನ ಬದಲಾಯಿಸುವ ಟಿಕೆಟ್ ಕೇಳಿದರೂ ಆಕೆ ಎರಡು ವಿಮಾನಗಳ ಮಧ್ಯೆ ಐದು ಗಂಟೆಯೋ ಆರು ಗಂಟೆಯೋ ಬಿಡುವು ಇಟ್ಟು, "ಸಾವಕಾಶವಾಗಿ ಹೋಗಿ, ಯಾರೂ ಅಟ್ಟಿಸಿಕೊಂಡು ಬರ್ತಿಲ್ಲ" ಎನ್ನುತ್ತಿದ್ದಳು.

ಮೊದಮೊದಲು ಆಕೆ ಹಾಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಂಪ್ಯೂಟರ್ ಯಾವುದನ್ನು ಮೇಲೆ ತೋರಿಸುತ್ತದೋ ಅದನ್ನೇ ಮಾಡಿಕೊಡುತ್ತಿದ್ದಳು. ಒಮ್ಮೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ನಡುವೆ ಐವತ್ತು ನಿಮಿಷ ಸಿಗುವ ಟಿಕೆಟ್ ಮಾಡಿಕೊಟ್ಟಳು. ಮೊದಲ ವಿಮಾನ ತಡವಾಗಿ ಇಳಿಯಿತು. ಗಂಡ ಹೆಂಡತಿ ಇಬ್ಬರೂ ಓಡಿದರು. ಹುಡುಗ ಉದ್ದ ಕಾಲಿನವನು. ಹಿಂದೆ ಟಪಟಪ ಸದ್ದು ಕೇಳುತ್ತಿದ್ದುದರಿಂದ ಹೆಂಡತಿ ಬೆನ್ನಿಗೇ ಇದ್ದಾಳೆ ಎಂಬ ಧೈರ್ಯದಲ್ಲಿ ತಿರುಗಿ ನೋಡದೆ ಓಡಿ ಹೋಗಿ ಸೀಟಿನಲ್ಲಿ ಕೂತ. ಕೂತು ತಿರುಗಿ ನೋಡಿದರೆ ಯಾವಳೋ ಅಪರಿಚಿತ ಹೆಂಗಸು ಏದುಸಿರು ಬಿಡುತ್ತ ನಿಂತಿದ್ದಾಳೆ. ವಿಮಾನದ ಬಾಗಿಲು ಮುಚ್ಚಿತು. ಹೆಂಡತಿ ಅರ್ಧ ದಾರಿಯಲ್ಲಿ, ಮುರಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

ಊರಿಗೆ ವಾಪಸಾದ ಮೇಲೆ ಹುಡುಗ ಆಫೀಸಿನ ಮೆಟ್ಟಿಲು ಹತ್ತಿ ಬಂದ. ಜಗಳವಾಡುತ್ತಾನೆಂದು ಇವಳು ಹೆದರಿದ್ದಳು. ಅವನು ಕುರ್ಚಿಯಲ್ಲಿ ಕುಸಿದು ಕೂತು, "ಮೇಡಂ, ದುಡ್ಡು ವಾಪಸ್ ಬೇಡ. ಮದುವೆಯಾಗಿ ಮೂರೇ ದಿನಕ್ಕೆ ಹೆಂಡತಿಯನ್ನ ಬಿಟ್ಟು ಓಡಿದವನು ಅನ್ನೋ ಹೆಸರು ಬಂದಿದೆಯಲ್ಲ, ಅದಕ್ಕೇನಾದ್ರೂ ಮಾಡೋಕಾಗುತ್ತಾ?" ಎಂದು ಕೇಳಿದ.

ಅದಕ್ಕೆ ಏನೂ ಮಾಡಲಾಗಲಿಲ್ಲ. ಆವತ್ತಿನಿಂದ ಅವಳು ಐವತ್ತು ನಿಮಿಷದ ಟಿಕೆಟನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಐವತ್ತು ನಿಮಿಷ ಸಾಕು ಅಂತ ಕಂಪ್ಯೂಟರೇ ಹೇಳುತ್ತಲ್ಲಮ್ಮ" ಎಂದು ಯಜಮಾನರು ಗೊಣಗಿದರೆ, "ಕಂಪ್ಯೂಟರಿಗೇನು ಸಾರ್, ಅದು ಚಪ್ಪಲಿ ಹಾಕ್ಕೊಂಡು ಓಡುತ್ತಾ?" ಎನ್ನುತ್ತಿದ್ದಳು. ಯಜಮಾನರು "ಇದು ಟಿಕೆಟ್ ಆಫೀಸೋ ವಿಶ್ರಾಂತಿಧಾಮವೋ" ಎಂದು ಮರದ ಮೆಟ್ಟಿಲಿಳಿದು ಟೀ ಕುಡಿಯಲು ಹೋಗುತ್ತಿದ್ದರು. ಆದರೂ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಬೈದುಕೊಂಡು ಹೋದ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಮುಂದಿನ ವರ್ಷ ಬೈದುಕೊಂಡೇ ವಾಪಸ್ ಬರುತ್ತಿದ್ದರು.

ಆಫೀಸಿನಲ್ಲಿ ಈ ಗುಣಕ್ಕೆ ಹೆಸರಾದರೂ ಸಿಕ್ಕಿತ್ತು. ಮನೆಯಲ್ಲಿ ಸಿಗುತ್ತಿದ್ದುದು ಬೈಗುಳ ಮಾತ್ರ.

ಅವಳ ಅತ್ತೆ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತರಾದವರು. ಅವರು ನಡೆದರೆ ಬಾಗಿಲ ಪರದೆ ಅಲ್ಲಾಡುತ್ತಿತ್ತು. ಊಟಕ್ಕೆ ಕೂತವರು ಕೈತೊಳೆದು ಬರುವಷ್ಟರಲ್ಲಿ ತಟ್ಟೆ ತೊಳೆದು ಕವುಚಿ ಹಾಕಿರುತ್ತಿದ್ದರು. ಅಂಥವರಿಗೆ ಇಂಥ ಸೊಸೆ. "ಇವಳು ಹಾಲು ಕಾಯಿಸೋಕೆ ಇಟ್ಟರೆ ಇಳಿಸೋ ಹೊತ್ತಿಗೆ ಮೊಸರಾಗಿರುತ್ತೆ" ಎಂದು ನೆಂಟರ ಮುಂದೆಯೇ ಹೇಳುವರು. ಗಂಡ ಲಿಫ್ಟ್ ರಿಪೇರಿಯವನು. ಅಮ್ಮ ಮತ್ತು ಹೆಂಡತಿ ಎದುರುಬದುರಾದಾಗ ಅವನಿಗೆ ಯಾವುದಾದರೊಂದು ಕಟ್ಟಡದ ಲಿಫ್ಟ್ ಕೆಟ್ಟಿರುವುದು ನೆನಪಾಗುತ್ತಿತ್ತು.

ಗಂಡನ ತಂಗಿ, ಎಂದರೆ ಸಾವಕಾಶಮ್ಮನ ನಾದಿನಿ, ದೂರದ ಇನ್ನೊಂದು ದೇಶದಲ್ಲಿದ್ದಳು. ಅವಳಿಗೆ ಅವಳಿ ಮಕ್ಕಳು ಹುಟ್ಟಿದವು. ಎರಡೂ ಗಂಡು, ಎರಡೂ ಗಂಟಲು ಗಟ್ಟಿ. "ಅಮ್ಮನ್ನ ಕಳಿಸಿ" ಎಂದು ಫೋನ್ ಬಂತು. ಅಲ್ಲಿಗೆ ನೇರ ವಿಮಾನವಿಲ್ಲ. ನಡುವಿನ ಒಂದು ಊರಿನಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು. ಮನೆಯಲ್ಲೇ ಟಿಕೆಟಿನವಳು ಇರುವಾಗ ಇನ್ನೊಬ್ಬರನ್ನು ಕೇಳುವುದುಂಟೆ? ಅತ್ತೆಗೆ ಅದು ಮೊದಲ ವಿಮಾನಯಾನ, ಭಾಷೆ ಬಾರದ ಊರು. ಎಲ್ಲ ಯೋಚಿಸಿ ಸಾವಕಾಶಮ್ಮ ನಡುವೆ ಏಳು ಗಂಟೆ ಇಟ್ಟು ಟಿಕೆಟ್ ಮಾಡಿದಳು.

ಮನೆಯಲ್ಲಿ ಬೆಂಕಿ ಬಿತ್ತು. ನಾದಿನಿ ಫೋನಿನಲ್ಲಿ ಕೂಗಿದಳು. "ಏಳು ಗಂಟೆ! ಅತ್ತಿಗೆ, ನಮ್ಮಮ್ಮ ಏನು ಪಾರ್ಸಲ್ಲಾ, ಗೋಡೌನಲ್ಲಿ ಇಟ್ಟು ಆಮೇಲೆ ಕಳಿಸೋಕೆ?"

"ಒಂದು ಗಂಟೆ ಹತ್ತು ನಿಮಿಷದ್ದೂ ಇತ್ತು. ಆದ್ರೆ ಮೊದಲ ವಿಮಾನ ತಡ ಆದ್ರೆ..."

"ನೀವು ತಡ ಅಂತ ಎಲ್ರೂ ತಡಾನಾ?"

ಗಂಡ ಆ ದಿನ ಯಾವ ಲಿಫ್ಟನ್ನೂ ನೆನಪಿಸಿಕೊಳ್ಳದೆ ಎದುರಿಗೇ ನಿಂತು ಹೇಳಿದ: "ನೋಡು, ನಡುವೆ ಸಿಕ್ಕಿಕೊಂಡವರನ್ನ ಇಳಿಸೋದು ನನ್ನ ಕೆಲಸ. ನೀನು ಸಿಕ್ಕಿಸೋದನ್ನೇ ಕೆಲಸ ಮಾಡ್ಕೊಂಡಿದ್ದೀಯಲ್ಲ."

ಅತ್ತೆ ಮಾತ್ರ ಕೂಗಾಡಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. "ಇರಲಿ ಬಿಡು. ಸೊಸೆ ಕೂರು ಅಂದ್ಲು, ಕೂರ್ತೀನಿ. ನನ್ನ ಹಣೆಬರಹ" ಎಂದು ಕಣ್ಣೊರೆಸಿಕೊಂಡು, ಯುದ್ಧಕ್ಕೆ ಹೊರಟವರಂತೆ ಹೊರಟರು. ತಿಂಗಳುಗಟ್ಟಲೆ ಸಾವಕಾಶಮ್ಮನಿಗೆ ಆ ಮುಖವೇ ಕಣ್ಣಮುಂದೆ. ಅಲ್ಲಿಂದ ಹಿಂದಿರುಗುವ ಟಿಕೆಟಿನಲ್ಲೂ ಅಷ್ಟೇ ಹೊತ್ತಿತ್ತು; ಬದಲಾಯಿಸಲೇ ಎಂದು ಫೋನಿನಲ್ಲಿ ಕೇಳಿದರೆ ಅತ್ತೆ, "ಬೇಡ, ಒಂದು ಸಲ ಅನುಭವಿಸಿದ್ದಾಗಿದೆ, ಇನ್ನೊಂದು ಸಲಕ್ಕೇನು" ಎಂದು ಫೋನಿಟ್ಟರು.

ಅತ್ತೆ ವಾಪಸ್ ಬಂದ ಮೂರನೆಯ ದಿನ. ಸಾವಕಾಶಮ್ಮನ ಗಂಡ ಕೆಲಸಕ್ಕೆ, ಪುಟ್ಟ ಮಗಳು ಶಾಲೆಗೆ ಹೋಗಿದ್ದರು. ಸಾವಕಾಶಮ್ಮನಿಗೆ ರಜೆ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಅತ್ತೆ ಬಂದು ಎದುರಿಗೆ ಕೂತು ತಾವೂ ಒಂದು ಕಟ್ಟು ಎಳೆದುಕೊಂಡರು. ಎಲೆ ಬಿಡಿಸತೊಡಗಿದರು. ಆಮೇಲೆ ಸೊಪ್ಪಿಗೇ ಹೇಳುವಂತೆ ಕೇಳಿದರು:

"ಆ ಏಳು ಗಂಟೆ ಇತ್ತಲ್ಲ."

ಸಾವಕಾಶಮ್ಮನ ಕೈ ನಿಂತಿತು. "ತಪ್ಪಾಯ್ತು ಅತ್ತೆ. ಮುಂದಿನ ಸಲ ಎರಡೇ ಗಂಟೆ—"

"ಯಾರು ಕೇಳಿದ್ರು ನಿನ್ನನ್ನ? ನಾನು ಕೇಳ್ತಿರೋದು, ಅದನ್ನ ಒಂಬತ್ತು ಮಾಡೋಕಾಗುತ್ತಾ ಅಂತ."

ಸೊಸೆಗೆ ಕಿವಿ ಕೆಟ್ಟಿತೋ ಅತ್ತೆಗೆ ತಲೆ ಕೆಟ್ಟಿತೋ ತಿಳಿಯಲಿಲ್ಲ. ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳತೊಡಗಿದರು.

ಮೊದಲ ಒಂದು ಗಂಟೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಸೊಸೆಯನ್ನು ಬೈಯುತ್ತ ಕೂತಿದ್ದರಂತೆ. ಆಮೇಲೆ ನೆಲ ಒರೆಸುವ ಹೆಂಗಸೊಬ್ಬಳು ಬಂದು, ಕಾಲು ಎತ್ತಿ ಎಂದು ಕೈಸನ್ನೆ ಮಾಡಿದಳಂತೆ. ಎತ್ತಿ ಎದುರಿನ ಕುರ್ಚಿಯ ಮೇಲಿಟ್ಟರು. ಅವಳು ಒರೆಸಿಕೊಂಡು ಹೋದಳು. ಕಾಲು ಅಲ್ಲೇ ಇತ್ತು. "ಇಳಿಸು ಅಂತ ಯಾರೂ ಹೇಳಲಿಲ್ಲ ಕಣೇ. ಎಷ್ಟೋ ಹೊತ್ತು ನೋಡಿದೆ. ಒಬ್ರೂ ಹೇಳಲಿಲ್ಲ."

ಅಲ್ಲಿಂದ ಧೈರ್ಯ ಬಂತು. ಎದ್ದು ಸುತ್ತಾಡಿದರು. ಸೆಂಟಿನ ಅಂಗಡಿಯಲ್ಲಿ ಮಾದರಿಗೆ ಇಟ್ಟ ಶೀಶೆಗಳನ್ನೆಲ್ಲ ಒಂದೊಂದಾಗಿ ಮೈಗೆ ಹೊಡೆದುಕೊಂಡರು. ಆ ದಿನ ಅವಳಿ ಮೊಮ್ಮಕ್ಕಳು ಅಜ್ಜಿಯ ಮಡಿಲಲ್ಲಿ ಸೀನಿದ್ದೇ ಸೀನಿದ್ದು. ಗಾಜಿನ ಗೋಡೆಯ ಪಕ್ಕ ಒರಗಿ ಮಲಗುವಂಥ ಉದ್ದನೆಯ ಕುರ್ಚಿಗಳಿದ್ದವು. ಒಂದರಲ್ಲಿ ಒರಗಿದವರಿಗೆ ಹಾಡುಹಗಲೇ ನಿದ್ದೆ ಬಂದುಬಿಟ್ಟಿತು.

"ಎಚ್ಚರ ಆದಾಗ ಯಾರೋ ಕರೆದ ಹಾಗಾಯ್ತು. ಹಾಸ್ಟೆಲ್ಲಲ್ಲಿ 'ಮೇಡಂ ನಲ್ಲಿ ಬರ್ತಿಲ್ಲ', ಇಲ್ಲಿ 'ಅಮ್ಮಾ ಸಾಕ್ಸ್ ಎಲ್ಲಿ', ಅಲ್ಲಿ ಹೋದ್ರೆ 'ಅಮ್ಮಾ ಮಗು ಹಿಡ್ಕೋ'. ಎದ್ದು 'ಬಂದೆ' ಅಂದೇಬಿಟ್ಟೆ. ಸುತ್ತ ನೋಡಿದ್ರೆ ಯಾರೂ ಇಲ್ಲ. ಇರೋರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ. ಮೊದಲು ಹೆದರಿಕೆ ಆಯ್ತು. ಆಮೇಲೆ ಒಂದು ಕಾಫಿ ತಗೊಂಡೆ. ಬಿಸಿ ಇರೋವಾಗಲೇ ಪೂರ್ತಿ ಕುಡಿದೆ ಕಣೇ."

ಅತ್ತೆ ಬಿಸಿ ಕಾಫಿ ಕುಡಿದದ್ದನ್ನು ತಾನು ಯಾವತ್ತಾದರೂ ನೋಡಿದ್ದೇನೆಯೇ ಎಂದು ಸಾವಕಾಶಮ್ಮ ಯೋಚಿಸಿದಳು. ನೋಡಿರಲಿಲ್ಲ. ಆ ಲೋಟ ಯಾವಾಗಲೂ ಒಲೆಯ ಪಕ್ಕ ಕೆನೆಗಟ್ಟಿ ಕೂತಿರುತ್ತಿತ್ತು.

"ಹಾಗಾದ್ರೆ ಇದನ್ನ ಅವರಿಗೂ ಹೇಳಿ ಅತ್ತೆ. ನಾನು ಎಷ್ಟು ಬೈಸಿಕೊಂಡೆ ಗೊತ್ತಾ?"

"ಹೇಳಿದ್ರೆ? 'ಅಮ್ಮನಿಗೆ ನಮ್ಮನೇಲಿ ಸುಖ ಇಲ್ವಾ' ಅಂತ ಮಗ ಮುಖ ಊದಿಸ್ತಾನೆ. ಮಗಳು ಅಳ್ತಾಳೆ. ನಿನ್ನನ್ನ ಬೈದ್ರೆ ಯಾರಿಗೂ ನೋವಿಲ್ಲ."

"ನನಗೆ?"

"ನಿನಗೆ ಅಭ್ಯಾಸ ಇದೆ" ಎಂದು ಅತ್ತೆ ಸೊಪ್ಪು ಒಟ್ಟುಮಾಡಿ ಎದ್ದರು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೇ ಒಂದು ಕಾಲ ಬಂತು. ಯಾರಿಗೂ ಗೊತ್ತಾಗದಂತೆ ಬಂತು, ಅಷ್ಟೆ. ಮುಂದಿನ ಪಯಣಕ್ಕೆ ನಡುವೆ ಒಂಬತ್ತು ಗಂಟೆ, ಅದರ ಮುಂದಿನದಕ್ಕೆ ಹನ್ನೊಂದು. ಟಿಕೆಟ್ ಬಂದ ದಿನ ಅತ್ತೆ ಊಟದ ಮೇಜಿನ ಮುಂದೆ ಎಲ್ಲರ ಎದುರು ಹಣೆ ಚಚ್ಚಿಕೊಳ್ಳುವರು. "ಹನ್ನೊಂದು ಗಂಟೆಯಂತೆ! ನನ್ನನ್ನ ಅಲ್ಲೇ ಹೂತುಬಿಡಿ ಅಂತ ಯಾಕೆ ಹೇಳಲಿಲ್ಲ?" ಎನ್ನುವರು. ಹಾಸ್ಟೆಲಿನಲ್ಲಿ ಮುನ್ನೂರು ಹುಡುಗಿಯರನ್ನು ಗದರಿಸಿದ ಗಂಟಲು. ಸೊಸೆ ತಲೆ ತಗ್ಗಿಸಿ ನಗು ತಡೆಯಲು ತುಟಿ ಕಚ್ಚಿಕೊಂಡರೆ, ನೋಡಿದವರಿಗೆ ಅಳು ತಡೆಯುತ್ತಿದ್ದಾಳೆ ಎನ್ನಿಸುವುದು.

ಇದರಿಂದ ಯಾರೂ ಎಣಿಸದ ಒಂದು ಅನಾಹುತವಾಯಿತು. ಒಂದು ದಿನ ಅತ್ತೆಯ ನಾಟಕ ಸ್ವಲ್ಪ ಜಾಸ್ತಿಯಾಗಿ, "ಇವಳನ್ನ ತಂದ ದಿನವೇ ನನ್ನ ಗ್ರಹಚಾರ ಕೆಟ್ಟಿತು" ಎಂಬಲ್ಲಿಗೆ ಹೋಯಿತು. ಗಂಡ ತಟ್ಟೆಯಿಂದ ತಲೆ ಎತ್ತಿದ.

"ಸಾಕು ಸುಮ್ಮನಿರಮ್ಮ. ಪಾಪ, ಅವಳು ನಿನ್ನ ಒಳ್ಳೇದಕ್ಕೇ ಮಾಡಿರ್ತಾಳೆ."

ಮದುವೆಯಾದ ಮೇಲೆ ಅವನು ಹೆಂಡತಿಯ ಪರವಾಗಿ ಆಡಿದ ಮೊದಲ ಮಾತು ಅದು. ಸಾವಕಾಶಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅತ್ತೆ ತಟ್ಟೆ ಎತ್ತಿಕೊಂಡು ಎದ್ದು ಹೋದರು. ಆಮೇಲೆ ಅಡುಗೆಮನೆಯಲ್ಲಿ ಸೊಸೆ ಒಬ್ಬಳೇ ಸಿಕ್ಕಾಗ ನಿಜವಾಗಿಯೇ ಮುನಿದರು.

"ನೋಡಿದ್ಯಾ? ಹೆತ್ತ ಮಗ ನನ್ನ ಮೇಲೇ ತಿರುಗಿಬಿದ್ದ."

"ನೀವೇ ಅಲ್ವಾ ಅತ್ತೆ ಜಾಸ್ತಿ ಬೈದದ್ದು?"

"ಸುಳ್ಳಿಗೆ ಬೈದದ್ದು ಕಣೇ! ನಿಜವಾಗಿ ಬೈದಾಗೆಲ್ಲ ಸುಮ್ಮನಿದ್ದು, ಸುಳ್ಳಿಗೆ ಬೈದಾಗ ಬಾಯಿ ಬಿಟ್ಟನಲ್ಲ!" ಇದರಲ್ಲಿ ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೆಂಬುದು ಅವರಿಗೂ ಸರಿಯಾಗಿ ಗೊತ್ತಾಗಲಿಲ್ಲ. ಎರಡು ದಿನ ಮನೆಯ ಬೆಕ್ಕನ್ನು ಬೈದುಕೊಂಡು ತಿರುಗಿದರು. ಸಾವಕಾಶಮ್ಮ ಆ ಎರಡು ದಿನ ಕೆಲಸದಲ್ಲಿ ತನ್ನಷ್ಟಕ್ಕೆ ಹಾಡು ಗುನುಗುತ್ತಿದ್ದಳು ಎಂದು ಯಜಮಾನರು ಆಮೇಲೆ ಹೇಳಿದರು.

ನಾದಿನಿಯ ತಾಳ್ಮೆಯೂ ಮುಗಿಯಿತು. "ಇನ್ನು ಅತ್ತಿಗೆ ಕೈಯಲ್ಲಿ ಬೇಡ, ನಾನೇ ಬುಕ್ ಮಾಡ್ತೀನಿ" ಎಂದು ಐವತ್ತೈದು ನಿಮಿಷದ ಟಿಕೆಟ್ ಮಾಡಿದಳು. ಅಮ್ಮನಿಗೆ ನಡೆಯುವ ಕಷ್ಟವೂ ಬೇಡವೆಂದು ಗಾಲಿಕುರ್ಚಿಗೂ ಹೇಳಿಟ್ಟಳು. ಅತ್ತೆ ಬಾಯಲ್ಲಿ "ಒಳ್ಳೇದಾಯ್ತು ಮಗಳೇ" ಎಂದರು. ಸೊಸೆಯ ಕಡೆ ನೋಡಿದ ಕಣ್ಣಿನಲ್ಲಿ ಬೇರೆ ಇತ್ತು. ಸಾವಕಾಶಮ್ಮ ಏನೂ ಮಾಡುವಂತಿರಲಿಲ್ಲ.

ಹೊರಟ ದಿನ, ಅತ್ತೆ ಮಗಳ ಊರಿನಲ್ಲಿ ಇಳಿದಿರಬೇಕಾದ ಹೊತ್ತಿಗೆ ನಡುವಿನ ಊರಿನಿಂದ ಫೋನ್ ಬಂತು. "ಅಯ್ಯೋ, ಏನು ಹೇಳಲಿ, ವಿಮಾನ ತಪ್ಪಿಹೋಯ್ತು ಕಣೋ!" ಎಂದು ಅತ್ತೆ ಮಗನಿಗೆ ಹೇಳಿದರು. ದನಿಯಲ್ಲಿ ದುಃಖವಿತ್ತು, ಆದರೆ ಹಿಂದೆ ನೀರು ಬೀಳುವ ಸದ್ದೂ ಇತ್ತು. ವಿಮಾನದವರು ಹೋಟೆಲಿನಲ್ಲಿ ರೂಮು ಕೊಟ್ಟಿದ್ದರು. ನಾಳೆಯ ವಿಮಾನದವರೆಗೆ ಅಲ್ಲೇ.

"ಭಯ ಆಗ್ತಿದೆಯಾ ಅಮ್ಮ?" ಎಂದು ಗಂಡ ಕೂಗಿದ.

"ತುಂಬಾ ಆಗ್ತಿದೆ. ಸ್ನಾನದ ತೊಟ್ಟಿ ತುಂಬ್ತಾ ಇದೆ, ಆಮೇಲೆ ಮಾಡ್ತೀನಿ" ಎಂದು ಫೋನಿಟ್ಟರು.

ನಡೆದದ್ದೇನೆಂದು ಸಾವಕಾಶಮ್ಮನಿಗೆ ಮಾತ್ರ ಆಮೇಲೆ ಗೊತ್ತಾಯಿತು. ಗಾಲಿಕುರ್ಚಿ ತಳ್ಳುವವನು ಬಲು ಚುರುಕಿನವನಂತೆ. ಹೀಗೇ ಬಿಟ್ಟರೆ ವಿಮಾನ ಸಿಕ್ಕೇಬಿಡುತ್ತದೆ ಎಂದು ಅತ್ತೆಗೆ ಗಾಬರಿಯಾಯಿತು. ಹೊಟ್ಟೆ ಹಿಡಿದುಕೊಂಡು ಶೌಚಾಲಯದ ಕಡೆ ಕೈ ತೋರಿಸಿದರು. ಒಳಗೆ ಹೋಗಿ ಚಿಲಕ ಹಾಕಿಕೊಂಡವರು ತಮ್ಮ ಹೆಸರನ್ನು ಮೈಕಿನಲ್ಲಿ ಮೂರು ಸಲ ತಪ್ಪುತಪ್ಪಾಗಿ ಕೂಗಿ ಬಿಟ್ಟ ಮೇಲೆಯೇ ಹೊರಗೆ ಬಂದದ್ದು. ಗಾಲಿಕುರ್ಚಿಯವನು ಪಾಪ, ಬಾಗಿಲಲ್ಲೇ ಕಾಯುತ್ತ ಇವರಿಗಿಂತ ಹೆಚ್ಚು ಬೆವರಿದ್ದ. "ಅವನಿಗೆ ಮಾತ್ರ ಅನ್ಯಾಯ ಮಾಡಿದೆ ಕಣೇ" ಎಂದು ಅತ್ತೆ ನೊಂದುಕೊಂಡರು. "ಬಿಸ್ಕತ್ತಿನ ಪೊಟ್ಟಣ ಇತ್ತು, ಕೊಟ್ಟೆ."

ಆದರೆ ನಾದಿನಿ ದಡ್ಡಿಯಲ್ಲ. ಹೊರಟ ಬಸ್ಸಿನ ಹಿಂದೆ ಓಡಿ ಹತ್ತುತ್ತಿದ್ದ ಅಮ್ಮ, ಗಾಲಿಕುರ್ಚಿಯಲ್ಲಿ ಕೂತು ವಿಮಾನ ತಪ್ಪಿಸಿಕೊಂಡದ್ದು ಹೇಗೆ? ಹೋಟೆಲಿನಲ್ಲಿ ಒಂದು ರಾತ್ರಿ ಒಬ್ಬಳೇ ಕಳೆದವಳು ಬಾಡಿ ಬರುವುದರ ಬದಲು ಕೆನ್ನೆ ಕೆಂಪಗೆ ಮಾಡಿಕೊಂಡು ಬಂದದ್ದು ಹೇಗೆ? ಅವಳು ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಅವಳಿಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದಳು. ಆಗ ಅವಳಿಗಳಿಗೆ ಮೂರು ವರ್ಷ. ಎರಡು ವಾರದಲ್ಲಿ ಮನೆಯ ಒಂದು ಕಿಟಕಿಯ ಗಾಜು, ಟಿವಿಯ ರಿಮೋಟು, ಬೆಕ್ಕಿನ ನೆಮ್ಮದಿ ಎಲ್ಲ ಹೋದವು. ವಾಪಸ್ ಹೊರಡುವಾಗ, "ಅಮ್ಮನೂ ನಮ್ಮ ಜೊತೆಗೇ ಬರಲಿ. ಅತ್ತಿಗೆ, ಯಾವಾಗಲೂ ಮಾಡೋ ಥರಾನೇ ಟಿಕೆಟ್ ಮಾಡಿ. ಅಲ್ಲಿ ಅಂಥದ್ದೇನಿದೆ ಅಂತ ನಾನೂ ನೋಡ್ತೀನಿ" ಎಂದಳು.

ಕುಂಬಳಕಾಯಿ ಕಳ್ಳರಿಬ್ಬರೂ ಒಟ್ಟಿಗೇ ಹೆಗಲು ಮುಟ್ಟಿ ನೋಡಿಕೊಂಡರು. ಆದರೆ ಬೇರೆ ದಾರಿಯಿರಲಿಲ್ಲ. ಒಂಬತ್ತು ಗಂಟೆಯ ಟಿಕೆಟ್ ಆಯಿತು.

ಅವರು ನಡುವಿನ ಊರಿನಲ್ಲಿ ಇಳಿದು ಒಳಗೆ ಕಾಲಿಟ್ಟ ಕೂಡಲೇ ನೆಲ ಒರೆಸುವ ಹೆಂಗಸು ಕೋಲು ಬಿಟ್ಟು ಓಡಿ ಬಂದು ಅತ್ತೆಯನ್ನು ಅಪ್ಪಿಕೊಂಡಳು. ಕಾಫಿ ಅಂಗಡಿಯ ಹುಡುಗಿ ದೂರದಿಂದಲೇ ಕೈಬೀಸಿ, ಕೇಳದೆಯೇ ಒಂದು ಲೋಟ ತುಂಬತೊಡಗಿದಳು. ನಾದಿನಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಮ್ಮಾ. ಏನಿದು?"

ಅತ್ತೆ ತಡವರಿಸಿದರು. "ಏನೋ... ಗುರುತಾಗಿದೆ."

"ನಾನು ಅಲ್ಲಿ ನೀನು ಯಾವಾಗ ಬರ್ತೀಯೋ ಅಂತ ಬಾಗಿಲಲ್ಲಿ ಕಾಯ್ತಿದ್ರೆ, ನೀನು ಇಲ್ಲಿ ಕಾಫಿ ಕುಡೀತಾ ಇದ್ಯಾ? ನಮ್ಮನೆಗಿಂತ ಈ ಕುರ್ಚಿ ಹೆಚ್ಚಾಯ್ತಾ?" ನಾದಿನಿಯ ಕಣ್ಣಲ್ಲಿ ನೀರು ಬಂತು. ಇನ್ನೂ ಏನೇನೋ ಹೇಳುವುದಿತ್ತು. ನಿಂತು ಹೇಳಲಾಗದೆ, ಹೇಳುವುದಕ್ಕೆಂದೇ ಪಕ್ಕದ ಉದ್ದ ಕುರ್ಚಿಯಲ್ಲಿ ಕೂತಳು. ಕೂತವಳು ಒರಗಿದಳು. "ನೀನು ಒಂದು ಮಾತು..." ಎಂದಳು. ಮುಂದಿನ ಮಾತು ಬರಲಿಲ್ಲ. ಅವಳಿ ಹೆತ್ತ ಮೇಲೆ ಒಂದು ದಿನವೂ ಸರಿಯಾಗಿ ಕಣ್ಣು ಮುಚ್ಚದವಳು ಬಾಯಿ ತೆರೆದುಕೊಂಡು ಗೊರಕೆ ಹೊಡೆಯತೊಡಗಿದಳು.

ಅತ್ತೆ ಮಗಳ ಮೇಲೆ ತಮ್ಮ ಸ್ವೆಟರ್ ಹೊದಿಸಿದರು. ಅವಳಿಗಳಲ್ಲಿ ಒಬ್ಬ ಆಗಲೇ ಸೆಂಟಿನ ಅಂಗಡಿಯ ಕಡೆ, ಇನ್ನೊಬ್ಬ ನಿಂತವರನ್ನು ಹೊತ್ತು ಸರಿಯುವ ಪಟ್ಟಿಯ ಕಡೆ ಓಡಿದ್ದರು. ಆ ಒಂಬತ್ತು ಗಂಟೆಯಲ್ಲಿ ಎಂಟು ಗಂಟೆ ಅತ್ತೆ ಅವರಿಬ್ಬರ ಹಿಂದೆ ಓಡಿದರು. ನೆಲ ಒರೆಸುವವಳು ಒಂದು ಬದಿ ತಡೆದಳು, ಕಾಫಿಯ ಹುಡುಗಿ ಇನ್ನೊಂದು ಬದಿ. ಅತ್ತೆಗೆಂದು ತುಂಬಿದ್ದ ಲೋಟ ಹಾಗೇ ತಣ್ಣಗಾಗಿ ಕೂತಿತ್ತು. ಕೊನೆಗೆ ವಿಮಾನಕ್ಕೆ ಕರೆದಾಗ ನಾದಿನಿಯನ್ನು ಅಲ್ಲಾಡಿಸಿ ಎಬ್ಬಿಸಬೇಕಾಯಿತು. ಎದ್ದವಳು ಸುತ್ತ ನೋಡಿ, ಮಗುವಿನಂತೆ ಕಣ್ಣುಜ್ಜಿಕೊಂಡು, "ಅಮ್ಮಾ, ಇಷ್ಟು ಬೇಗ ಕರೆದುಬಿಟ್ರಾ?" ಎಂದು ಕೇಳಿದಳು.

ಮನೆ ತಲುಪಿದ ಮೇಲೆ ಅವಳು ಅತ್ತಿಗೆಗೆ ಫೋನ್ ಮಾಡಿದಳು. ಸಾವಕಾಶಮ್ಮ ಬೈಗುಳಕ್ಕೆ ಸಿದ್ಧಳಾಗಿ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು.

"ಅತ್ತಿಗೆ, ಅಮ್ಮ ಎಲ್ಲಾ ಹೇಳಿದ್ಲು. ನಿಮ್ಮ ಮೇಲೆ ಸುಮ್ಮಸುಮ್ಮನೆ ಕೂಗಾಡಿದೆ. ಮನಸ್ಸಲ್ಲಿ ಇಟ್ಕೋಬೇಡಿ."

"ಅಯ್ಯೋ, ಅದೆಲ್ಲ ಇರಲಿ ಬಿಡು."

"ಇನ್ನೊಂದು ವಿಷಯ. ಮುಂದಿನ ಸಲ ಅಮ್ಮ ಬರುವಾಗ ನಾನೂ ಮಕ್ಕಳನ್ನ ಕರ್ಕೊಂಡು ಆ ಊರಿಗೇ ಬಂದುಬಿಡ್ತೀನಿ. ಅಲ್ಲಿಂದ ಒಟ್ಟಿಗೇ ಹೋಗ್ತೀವಿ. ನಡುವೆ ಹತ್ತು ಗಂಟೆ ಸಿಗೋ ಹಾಗೆ ನೋಡ್ತೀರಾ? ಅಣ್ಣನಿಗೆ ಹೇಳಬೇಡಿ, ನಗ್ತಾನೆ."

ನಾದಿನಿ ಫೋನಿಟ್ಟ ಸ್ವಲ್ಪ ಹೊತ್ತಿಗೆ ಅದೇ ನಂಬರಿನಿಂದ ಮತ್ತೆ ಫೋನ್ ಬಂತು. ಈ ಸಲ ಪಿಸುದನಿ.

"ನಾನು ಕಣೇ. ಬಚ್ಚಲುಮನೆಯಿಂದ ಮಾತಾಡ್ತಿದ್ದೀನಿ. ಅವಳು ಹೇಳಿದ್ದು ಕೇಳಿಸ್ಕೊಂಡ್ಯಾ? ಹತ್ತು ಗಂಟೆ ಆ ಎರಡು ಕೋತಿಗಳ ಹಿಂದೆ ಓಡಿದ್ರೆ ನನಗೆ ನಿಜವಾಗಿಯೂ ಗಾಲಿಕುರ್ಚಿ ಬೇಕಾಗುತ್ತೆ."

"ಏನು ಮಾಡಲಿ ಅತ್ತೆ? ಬೇಡ ಅಂದ್ರೆ ಅವಳಿಗೆ ಬೇಜಾರಾಗುತ್ತೆ. ಅವಳಿಗೂ ನಿದ್ದೆ ಬೇಕಲ್ವಾ?"

ಅತ್ತೆಯ ಪಿಸುದನಿ ಮೆತ್ತಗಾಯಿತು. "ಬೇಕು. ಪಾಪ, ಎಷ್ಟು ಚೆನ್ನಾಗಿ ಮಲಗಿತ್ತು ಗೊತ್ತಾ ಮಗು. ಹೋಗುವಾಗ ಅವಳ ಜೊತೆ ಹೋಗ್ತೀನಿ. ಬರುವಾಗ... ಬೇರೆ ಊರಿನ ಮೇಲೆ ಬರೋ ದಾರಿ ಇಲ್ವಾ?"

ಸಾವಕಾಶಮ್ಮ ಮಾರನೆಯ ದಿನ ಆಫೀಸಿನಲ್ಲಿ ಕಂಪ್ಯೂಟರ್ ತೆರೆದು ಹುಡುಕಿದಳು. ದಾರಿಯಿತ್ತು. ಸ್ವಲ್ಪ ಸುತ್ತು, ಯಾರೂ ಅಷ್ಟಾಗಿ ಹೋಗದ ಒಂದು ಸಣ್ಣ ಊರು. ಯಜಮಾನರು ಬೆನ್ನ ಹಿಂದೆ ನಿಂತು ಪರದೆ ನೋಡಿ, "ಹದಿಮೂರು ಗಂಟೆ! ಯಾವ ಪುಣ್ಯಾತ್ಮನಮ್ಮ ಇದನ್ನ ಕೇಳಿದವನು?" ಎಂದರು. "ನಮ್ಮತ್ತೆ ಸಾರ್" ಎಂದಳು. ಯಜಮಾನರು ಅವಳನ್ನು ಒಮ್ಮೆ ನೋಡಿ, ಇದು ಸಂಸಾರದ ವಿಷಯ, ನಮಗೇಕೆ ಎಂದುಕೊಂಡು ಕೆಳಗೆ ಟೀಗೆ ಹೋದರು.

ಆರು ತಿಂಗಳಾದ ಮೇಲೆ ಅತ್ತೆ ವಾಪಸ್ ಬರುವಾಗ ಆ ಹೊಸ ಊರಿನಿಂದ ಫೋನ್ ಮಾಡಿದಾಗ ಮನೆಯಲ್ಲಿ ಎಲ್ಲರೂ ಸಂಜೆಯ ಟೀ ಕುಡಿಯುತ್ತಿದ್ದರು. ಸಾವಕಾಶಮ್ಮ ಫೋನೆತ್ತಿಕೊಂಡು ಕಿಟಕಿಯ ಬಳಿ ಹೋದಳು.

"ಕುರ್ಚಿ ಗಟ್ಟಿ. ಕಾಫಿ ಅಂತೂ ಬಾಯಿಗಿಡೋ ಹಾಗಿಲ್ಲ" ಎಂದರು ಅತ್ತೆ. "ಆದ್ರೆ ಹೊರಗೆ ಒಂದು ತೋಟ ಇದೆ ಕಣೇ, ಬೆಂಚಿದೆ. ಇಲ್ಲೊಬ್ಬ ಮುದುಕ ಚೆಸ್ ಹೇಳಿಕೊಡ್ತಿದ್ದಾನೆ. ಗಾಬರಿ ಬೀಳಬೇಡ, ಅವನ ಹೆಂಡತಿನೂ ಪಕ್ಕದಲ್ಲೇ ಇದ್ದಾಳೆ. ಒಂದು ಕುದುರೆ ಹೊಡೆದೆ ಈಗ ತಾನೆ. ಇಡ್ತೀನಿ, ನನ್ನ ಸರದಿ."

ಫೋನ್ ಕಟ್ಟಾಯಿತು. ಸಾವಕಾಶಮ್ಮ ಮುಖ ಸರಿಮಾಡಿಕೊಂಡು ತಿರುಗಿದಳು. ಗಂಡ ಲೋಟ ಹಿಡಿದುಕೊಂಡೇ ಆತಂಕದಿಂದ ನೋಡುತ್ತಿದ್ದ.

"ಏನಂದ್ಲು ಅಮ್ಮ?"

"ತುಂಬಾ ಬೈದ್ರು" ಎಂದಳು.

"ಪಾಪ, ನೀನು ಬೇಜಾರು ಮಾಡ್ಕೋಬೇಡ" ಎಂದು ಅವನು ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಬಿಸ್ಕತ್ತನ್ನು ಅವಳ ಕಡೆ ಸರಿಸಿದ.